ಹುಟ್ಟಿನ ಹಕ್ಕು: ಒಂದು ಲಕ್ಷಣಗ್ರಂಥ

ಶಾಸ್ತ್ರಗ್ರಂಥ ಬರೆಯಲು ಕೂತವನು ಮೊದಲು ನಾಲ್ಕು ಸಂಗತಿ ಹೇಳಿಬಿಡಬೇಕು: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಇವಿಲ್ಲದ ಗ್ರಂಥವನ್ನು ಓದಬೇಕಾಗಿಲ್ಲ ಎಂಬುದು ಹಿರಿಯರ ಮತ. ಇದ್ದರೂ ಓದಬೇಕಾಗಿಲ್ಲ ಎಂಬುದು ಕಿರಿಯರದು.

ವಿಷಯ: ಅಮೆರಿಕದ ಚಟೂಗ ನದಿ, ಮತ್ತು ಅದರ ತಲೆಯ ಕಡೆಯ ಸುಮಾರು 21 ಮೈಲಿಯಲ್ಲಿ ದೋಣಿಗೆ ಹುಟ್ಟು ಹಾಕಬಹುದೇ ಎಂಬ ವ್ಯಾಜ್ಯ. ಪ್ರಯೋಜನ: ಕಾಣೆ. ಸಂಬಂಧ: ತಂಗಿಯ ಮಗ ಅಟ್ಲಾಂಟಾದಲ್ಲಿದ್ದಾನೆ. ವಾರದಲ್ಲಿ ಐದು ದಿನ ಸಾಫ್ಟ್‌ವೇರ್, ಉಳಿದೆರಡು ದಿನ ಕಯಾಕ್. ಚಳಿಗಾಲದಲ್ಲಿ ಅವನ ಮನೆಗೆ ಹೋದ ನನಗೆ ಮೊದಲ ವಾರದಲ್ಲೇ ಈ ವ್ಯಾಜ್ಯದ ಪೂರ್ವೋತ್ತರವೆಲ್ಲ ಊಟದ ಮೇಜಿನಲ್ಲಿ ಬಡಿಸಲ್ಪಟ್ಟಿತು. ಇನ್ನು ಅಧಿಕಾರಿ. ನಮ್ಮ ಶಾಸ್ತ್ರಗಳಲ್ಲಿ ಅಧಿಕಾರಿ ಎಂದರೆ ಓದಲು ಅರ್ಹತೆ ಪಡೆದವನು. ಈ ನದಿಯ ಮಟ್ಟಿಗೆ ಅಧಿಕಾರಿ ಎಂದರೆ ಅರಣ್ಯ ಇಲಾಖೆಯವನು. ಗ್ರಂಥದ ತೊಡಕೆಲ್ಲ ಈ ಒಂದು ಅರ್ಥಪಲ್ಲಟದಿಂದ ಹುಟ್ಟಿದ್ದು.

ಮೊದಲು ಲಕ್ಷಣ. ಕಾಡುನದಿ ಎಂದರೇನು? ಕಾಡಿನಲ್ಲಿ ಹರಿಯುವುದು ಎಂದರೆ ಅತಿವ್ಯಾಪ್ತಿ. ಲಿಂಗನಮಕ್ಕಿಯಲ್ಲಿ ಕಟ್ಟುಬಿದ್ದ ಶರಾವತಿಯೂ ಕಾಡಿನ ನಡುವೆಯೇ ಹರಿಯುತ್ತಾಳೆ. ಮನುಷ್ಯನ ಕಾಲು ಸೋಕದ್ದು ಎಂದರೆ ಅಸಂಭವದೋಷ, ಹಾಗೆಂದು ಹೇಳಲು ಯಾರಾದರೂ ಹೋಗಿ ನೋಡಿ ಬಂದಿರಲೇಬೇಕು. ಅಮೆರಿಕದವರು ಈ ಇಕ್ಕಟ್ಟನ್ನು 1968ರಲ್ಲಿ ಕಾಯಿದೆ ಮಾಡಿ ಬಗೆಹರಿಸಿಕೊಂಡರು. ಕಾಪಾಡಬೇಕಾದ ನದಿಗಳನ್ನು ಕಾಡಿನವು, ಚೆಲುವಿನವು, ವಿಹಾರದವು ಎಂದು ಮೂರು ಪಂಗಡ ಮಾಡಿದರು. ವರ್ಗೀಕರಣದ ಹುಚ್ಚು ನಮ್ಮ ಅಲಂಕಾರಶಾಸ್ತ್ರದವರ ಸ್ವತ್ತು ಎಂದುಕೊಂಡಿದ್ದ ನನಗೆ ಇದನ್ನು ಕೇಳಿ ಬಹಳ ಸಮಾಧಾನವಾಯಿತು. ಕಾಡುನದಿಗೆ ಅಣೆಕಟ್ಟು ಇರಬಾರದು, ನೀರು ಕೊಳೆಯಾಗಿರಬಾರದು, ಕಾಲುದಾರಿಯಲ್ಲದೆ ಸಾಮಾನ್ಯವಾಗಿ ಬೇರೆ ದಾರಿಯಲ್ಲಿ ಅದನ್ನು ಮುಟ್ಟುವಂತಿರಬಾರದು.

ಕೊನೆಯ ಮಾತಿನಲ್ಲೇ ಪೂರ್ವಪಕ್ಷ ಎದ್ದು ನಿಲ್ಲುತ್ತದೆ. ನದಿಯೇ ಒಂದು ದಾರಿಯಲ್ಲವೇ? ಕಾಲುದಾರಿಯನ್ನು ಯಾರಾದರೂ ಕಡಿದು ಮಾಡಬೇಕು, ನೀರುದಾರಿಯನ್ನು ಯಾರೂ ಮಾಡಬೇಕಾಗಿಲ್ಲ. ಹಾಗಾಗಿ ಅಲ್ಲಿ ದೋಣಿಯವನಿಗಿಂತ ಸಹಜ ಪ್ರಯಾಣಿಕ ಯಾರು? ಸೊಸೆ ತಟ್ಟೆ ಎತ್ತಿಕೊಂಡು ಹೋದ ಮೇಲೂ ನನ್ನ ಸೋದರಳಿಯ ಈ ವಾದವನ್ನು ಬಿಡುತ್ತಿರಲಿಲ್ಲ.

ನದಿಯ ಪರಿಚಯ ಇಷ್ಟು ಸಾಕು. ಹುಟ್ಟುವುದು ಉತ್ತರ ಕೆರೊಲಿನಾದ ಕ್ಯಾಷಿಯರ್ಸ್ ಎಂಬ ಊರಿನ ಹತ್ತಿರ (ಬ್ಯಾಂಕಿಗೂ ಈ ಊರಿಗೂ ಸಂಬಂಧವಿಲ್ಲ). ಆಮೇಲೆ ಒಂದು ದಡ ದಕ್ಷಿಣ ಕೆರೊಲಿನಾ, ಇನ್ನೊಂದು ದಡ ಜಾರ್ಜಿಯಾ. ಮೂರು ರಾಜ್ಯ ಸೇರುವ ಜಾಗ ಯಾವುದೆಂದು ತಿಳಿಯಲು 1811ರಲ್ಲಿ ಎಲಿಕಾಟ್ ಎಂಬ ಮೋಜಣಿದಾರ ಬಂದು ದಡದ ಬಂಡೆಯೊಂದರ ಮೇಲೆ ಗುರುತು ಕೆತ್ತಿದ. ಎರಡು ವರ್ಷಕ್ಕೆ ಬಂದ ಇನ್ನೊಂದು ತಂಡ ಕೆಲವೇ ಅಡಿ ಕೆಳಗಿನ ಬೇರೆ ಬಂಡೆಗೆ ಉಳಿ ಹಾಕಿತು. ಎರಡೂ ಬಂಡೆ ಅಲ್ಲೇ ಇವೆ. ಈ ನದಿಯ ಮೇಲೆ ಗೆರೆ ಎಳೆಯಹೊರಟವರ ಕಥೆ ಶುರುವಿನಿಂದಲೂ ಹೀಗೆಯೇ. ಸುಮಾರು 57 ಮೈಲಿ ಹರಿದು ಚಟೂಗ ಒಂದು ಜಲಾಶಯಕ್ಕೆ ಬಿದ್ದು ಹೆಸರು ಕಳೆದುಕೊಳ್ಳುತ್ತದೆ.

ಅದಕ್ಕೆ ಕೀರ್ತಿ ತಂದದ್ದು ಒಂದು ಸಿನಿಮಾ. ಜೇಮ್ಸ್ ಡಿಕಿಯ ಕಾದಂಬರಿ ಆಧರಿಸಿ 1972ರಲ್ಲಿ ಬಂದ ‘ಡೆಲಿವರೆನ್ಸ್’ ಚಿತ್ರದ ಹೆಚ್ಚಿನ ನದಿ ದೃಶ್ಯಗಳನ್ನು ಇಲ್ಲೇ ತೆಗೆದರು. ಪಟ್ಟಣದ ನಾಲ್ವರು ಗಂಡಸರು ಕನೂ ಹತ್ತಿ ಹೊಳೆಗಿಳಿದು ಆಗಬಾರದ್ದೆಲ್ಲ ಆಗಿ ಬರುವ ಕಥೆ. ನೋಡಿದವರು ಹೊಳೆಯ ಹತ್ತಿರ ಸುಳಿಯಬಾರದಿತ್ತು. ಮನುಷ್ಯಸ್ವಭಾವ ನೋಡಿ, ಗುಂಪುಗುಂಪಾಗಿ ಬಂದರು. ಈಜು ಬಾರದವರು, ಲೈಫ್ ಜಾಕೆಟ್ ಇಲ್ಲದವರು, ಬಾಡಿಗೆ ದೋಣಿಯವರು. ಕೆಲವರು ಮುಳುಗಿ ಸತ್ತರು. ಈ ಗದ್ದಲದ ನಡುವೆ ಜಾರ್ಜಿಯಾದ ಗವರ್ನರ್ ಕೂಡ ಕನೂ ಹತ್ತಿ ಬುಲ್ ಸ್ಲೂಸ್ ಎಂಬ ಧುಮುಕನ್ನು ಇಳಿದುಬಂದರು. ಹೆಸರು ಜಿಮ್ಮಿ ಕಾರ್ಟರ್, ಆಮೇಲೆ ರಾಷ್ಟ್ರಾಧ್ಯಕ್ಷರಾದವರು. ಪ್ರತ್ಯಕ್ಷ, ಅನುಮಾನ, ಶಬ್ದಗಳ ಜೊತೆಗೆ ರಾಜಪ್ರಮಾಣ ಅಂತ ಒಂದಿದ್ದರೆ ಅದು ಇದೇ. 1974ರ ಮೇ ತಿಂಗಳಲ್ಲಿ ಚಟೂಗ ಸಂರಕ್ಷಿತ ನದಿಗಳ ಪಟ್ಟಿ ಸೇರಿತು.

ಎರಡೇ ವರ್ಷ. 1976ರಲ್ಲಿ ಅರಣ್ಯ ಇಲಾಖೆ 28ನೇ ಹೆದ್ದಾರಿಯ ಸೇತುವೆಯಿಂದ ಮೇಲಕ್ಕೆ ತೇಲುವುದನ್ನೇ ನಿಷೇಧಿಸಿತು. ಕೆಳಗಿನ ಭಾಗ ದೋಣಿಯವರಿಗೆ, ಮೇಲಿನದು ಗಾಳದವರಿಗೆ. ಅಣ್ಣತಮ್ಮಂದಿರ ಪಾಲುಪಟ್ಟಿ ಇದ್ದ ಹಾಗೆ. ಕಾಡು ಅತಿ ದಟ್ಟ, ಕಣಿವೆ ಅತಿ ಕಿರಿದು, ನೀರು ಅತಿ ಚುರುಕು ಇರುವುದು ಮೇಲ್ಪಾಲಿನಲ್ಲೇ. ಹುಟ್ಟಿನವರ ಹೊಟ್ಟೆಯುರಿ ಅಲ್ಲಿಂದ ಶುರು.

ಇಲ್ಲಿ ಕನ್ನಡದ ಓದುಗರಿಗೆ ಒಂದು ವ್ಯಾಕರಣ ಟಿಪ್ಪಣಿ. ಮೈಲಿ ಶಬ್ದಕ್ಕೆ ಚತುರ್ಥಿ ವಿಭಕ್ತಿ ಹಚ್ಚಿದರೆ ‘ಮೈಲಿಗೆ’ ಎಂದಾಗುತ್ತದೆ. 21 ಮೈಲಿಗೆ ಹಾಕಿದ ನಿಷೇಧದ ಸ್ವರೂಪ ತಿಳಿಯಲು ಈ ಒಂದು ರೂಪಸಿದ್ಧಿ ಸಾಕು. ನಮ್ಮ ಅಜ್ಜಿಯರು ಮಡಿ ಉಟ್ಟು ಅಡುಗೆಮನೆಯಲ್ಲಿದ್ದಾಗ ಮುಟ್ಟಿದರೆ ಮೈಲಿಗೆ, ಕೆಲವು ಕಟ್ಟುನಿಟ್ಟಿನ ಮನೆಗಳಲ್ಲಿ ಕಣ್ಣಿಗೆ ಬಿದ್ದರೂ ಮೈಲಿಗೆ. ಚಟೂಗದ ಮೇಲ್ಭಾಗದ್ದು ಈ ಎರಡನೆಯ ಜಾತಿ. ದೋಣಿ ನೀರನ್ನು ಕೆಡಿಸುವುದಿಲ್ಲ, ಹೊಗೆ ಬಿಡುವುದಿಲ್ಲ, ಹೋದ ದಾರಿಯಲ್ಲಿ ಗುರುತೂ ಉಳಿಯುವುದಿಲ್ಲ. ಅದರ ದೋಷ ಒಂದೇ: ಕಾಣುತ್ತದೆ. ಇಲಾಖೆಯ ಅಧ್ಯಯನಗಳಲ್ಲಿ ಒಂದು ಗುಂಪು ದಿನಕ್ಕೆ ಎಷ್ಟು ಬೇರೆ ಗುಂಪುಗಳಿಗೆ ಎದುರಾದೀತು ಎಂಬ ಲೆಕ್ಕವೇ ಒಂದು ಅಳತೆಗೋಲು. ಮನುಷ್ಯ ಮನುಷ್ಯನಿಗೆ ಕಾಣಿಸಿಕೊಳ್ಳುವುದನ್ನು ಎಣಿಸಿ ಕೋಷ್ಟಕ ಹಾಕಿದ ಮಡಿಶಾಸ್ತ್ರ ನಮ್ಮಲ್ಲೂ ಇರಲಿಲ್ಲ.

ಇನ್ನು ಪಾತ್ರವರ್ಗ. ಹುಟ್ಟಿನವರಲ್ಲಿ ದೋಣಿಯನ್ನು ಅನುಸರಿಸಿ ಎರಡು ಭೇದ. ಕನೂದವರು ಮಂಡಿಯೂರಿ ಒಂದೇ ಅಲಗಿನ ಹುಟ್ಟು ಹಾಕುವವರು. ನೋಡಲು ಭಕ್ತರಂತೆ ಇರುತ್ತಾರೆ. ಕಯಾಕಿನವರು ಕಾಲು ಚಾಚಿ ಕೂತು, ಸೊಂಟಕ್ಕೆ ರಬ್ಬರಿನ ಲಂಗ ಕಟ್ಟಿ, ಅದರ ಅಂಚನ್ನು ದೋಣಿಯ ಬಾಯಿಗೆ ಬಿಗಿದು, ದೋಣಿಯನ್ನೇ ತೊಟ್ಟುಕೊಂಡವರು. ಮಗುಚಿದರೆ ಇಳಿಯುವುದಿಲ್ಲ. ತಲೆಕೆಳಗಾಗಿ ನೀರೊಳಗಿದ್ದುಕೊಂಡೇ ಹುಟ್ಟನ್ನು ಬೀಸಿ, ಸೊಂಟವನ್ನು ಒಮ್ಮೆ ಚಿಮ್ಮಿ, ಮೂಗಿನಿಂದ ನೀರು ಬಿಡುತ್ತ ಮೇಲೇಳುತ್ತಾರೆ. ಸೋದರಳಿಯ ಮನೆಯ ಹತ್ತಿರದ ಈಜುಕೊಳದಲ್ಲಿ ಇದನ್ನು ಮಾಡಿ ತೋರಿಸಿದ. ಮೂರನೇ ಸಲ ಅವನು ಏಳುವುದು ತುಸು ತಡವಾದಾಗ ನಾನು ತಂಗಿಗೆ ಏನು ಹೇಳಬೇಕೆಂದು ಮಾತು ಜೋಡಿಸಿಕೊಳ್ಳುತ್ತಿದ್ದೆ. ಸ್ವಭಾವವನ್ನು ಅನುಸರಿಸಿ ಇನ್ನೆರಡು ಭೇದ: ನೀರಿನ ಮಟ್ಟ ಓದುವವರು, ಕೋರ್ಟಿನ ತೀರ್ಪು ಓದುವವರು. ನಮ್ಮ ಹುಡುಗ ಉಭಯಸಂಕರ.

ಗಾಳದವರು ಎರಡನೆಯ ವರ್ಗ. ಇವರು ನದಿಯಲ್ಲೇ ನಿಂತಿರುತ್ತಾರೆ, ಎದೆಮಟ್ಟದ ರಬ್ಬರ್ ಚಲ್ಲಣ ತೊಟ್ಟು. ಆದರೂ ಶಾಸ್ತ್ರದ ಪ್ರಕಾರ ಇವರು ದಡದ ಪಕ್ಷ. ದಡದಲ್ಲಿ ಇರುವವನಿಗೆ ನಮ್ಮಲ್ಲಿ ತಟಸ್ಥ ಎನ್ನುತ್ತೇವೆ. ಯಾವ ಪಕ್ಷಕ್ಕೂ ಸೇರದವನು ಎಂದು ಅದಕ್ಕೆ ಅರ್ಥ. ಚಟೂಗದ ತಟದಲ್ಲಿ ಸ್ಥಿತರಾದ ಯಾರೊಬ್ಬರೂ ತಟಸ್ಥರಲ್ಲ. ಕಾಲ್ನಡಿಗೆಯವರು, ಡೇರೆ ಹಾಕುವವರು, ಪರಿಸರ ಸಂಘದವರು ಎಂಬ ಉಳಿದ ವರ್ಗಗಳನ್ನು ವಿಸ್ತರಿಸುವುದಿಲ್ಲ. ತೀರದ ಒಡೆಯರು ಮಾತ್ರ ಮುಂದೆ ಒಂದು ಸಲ ಬರುತ್ತಾರೆ.

ಗಾಳದವರನ್ನು ಲೇವಡಿ ಮಾಡಿ ಮುಗಿಸಿಬಿಡಬಹುದಿತ್ತು. ಹಾಗೆ ಮಾಡಲಾರೆ. ಕತ್ತಲಿದ್ದ ಹಾಗೇ ಎದ್ದು, ತಾಸುಗಟ್ಟಲೆ ನಡೆದು, ಮೊಳಕಾಲು ಮರಗಟ್ಟುವ ನೀರಿನಲ್ಲಿ ಅಲ್ಲಾಡದೆ ನಿಂತು, ರೆಪ್ಪೆಯ ಕೂದಲಷ್ಟು ತೆಳ್ಳನೆಯ ನೂಲಿನ ತುದಿಗೆ ರೆಕ್ಕೆಯ ಹುಳುವಿನಂಥದ್ದನ್ನು ಕಟ್ಟಿ, ಬಂಡೆಯ ಹಿಂದಿನ ನಿಂತ ನೀರಿನ ಮೇಲೆ ಅದು ತಾನಾಗಿ ಬಿದ್ದಂತೆ ಬೀಳಿಸಿ ಕಾಯುತ್ತಿರುವವನ ಮುಂದೆ ಹಳದಿ, ಕೆಂಪು, ಕಿತ್ತಳೆ ಬಣ್ಣದ ನಾಲ್ಕು ಪ್ಲಾಸ್ಟಿಕ್ ದೋಣಿಗಳು ಹಾದು ಹೋದರೆ ಅವನಿಗೆ ಏನನ್ನಿಸಬೇಕು? ಅದೂ ಹುಟ್ಟಿನವರು ಸುಮ್ಮನೆ ಹೋಗುವುದಿಲ್ಲ. ಧುಮುಕು ಇಳಿದಾಗ ಕೂಗುತ್ತಾರೆ. ಸೋದರಳಿಯ ಕೂಗುವುದನ್ನು ನಾನೇ ಕೇಳಿದ್ದೇನೆ. ಮದುವೆಯಲ್ಲಿ ತಾಳಿ ಕಟ್ಟುವಾಗಲೂ ಅವನ ಮುಖದಲ್ಲಿ ಅಷ್ಟು ಸಂಭ್ರಮ ಇರಲಿಲ್ಲ.

ಆದರೆ ಮೀನಿನ ವಿಷಯಕ್ಕೆ ಬಂದರೆ ಗಾಳದವರ ಮಡಿಯೂ ಸ್ವಲ್ಪ ಜಾರುತ್ತದೆ. ಮೇಲ್ಭಾಗದ ಟ್ರೌಟ್ ಮೀನುಗಳಲ್ಲಿ ಮೂರು ಜಾತಿ. ಬ್ರೂಕ್ ಎಂಬುದು ಆ ಬೆಟ್ಟಗಳ ಮೂಲನಿವಾಸಿ. ಬ್ರೌನ್ ಯುರೋಪಿನಿಂದ ತಂದು ಬಿಟ್ಟದ್ದು. ರೇನ್‌ಬೋ ಅಮೆರಿಕದ ಪಶ್ಚಿಮ ತೀರದ ಕಡೆಯದು. ಹೊರಗಿನ ಎರಡೇ ಗಾಳದವರಿಗೆ ಮುಖ್ಯ. ಮೊಟ್ಟೆಕೇಂದ್ರದಲ್ಲಿ ಬೆಳೆಸಿದ ಇವನ್ನು ತಂದು ಹೊಳೆಗೆ ಬಿಡುತ್ತಾರೆ. ರಸ್ತೆ ಇದ್ದಲ್ಲಿಗೆ ಲಾರಿಯಲ್ಲಿ. ರಸ್ತೆ ಇಲ್ಲದ ಕಣಿವೆಗೆ, ಓದುಗರು ನಂಬಬೇಕು, ಹೆಲಿಕಾಪ್ಟರಿನಲ್ಲಿ. ಕೆಳಗೆ ತೂಗುಬಿಟ್ಟ ಬಕೆಟ್ಟಿನಿಂದ ಮೀನುಗಳನ್ನು ನೀರಿಗೆ ಸುರಿಯುತ್ತಾರೆ. ಕಾಲುದಾರಿಯಲ್ಲದೆ ಬೇರೆ ದಾರಿಯಲ್ಲಿ ಮುಟ್ಟಬಾರದ ಕಾಡುನದಿಗೆ ಆಕಾಶಮಾರ್ಗದಲ್ಲಿ ಬಂದಿಳಿದ ಪರದೇಶಿ ಮೀನಿಗೆ ನಿವಾಸದ ಹಕ್ಕುಂಟು. ಅಟ್ಲಾಂಟಾದಿಂದ ಬಂದ ಪರದೇಶಿ ಹುಡುಗನಿಗೆ ಒಮ್ಮೆ ಹಾದುಹೋಗಲು ಬಹುಕಾಲ ಹಕ್ಕಿರಲಿಲ್ಲ. ಇದಕ್ಕೆ ಮೀಮಾಂಸಕರು ಏನೆನ್ನುತ್ತಾರೋ. ನಮ್ಮೂರಿನಲ್ಲಿ ಒಂದು ಕಣ್ಣಿಗೆ ಬೆಣ್ಣೆ ಎನ್ನುತ್ತಿದ್ದರು.

ಇಲಾಖೆಯ 2004ರ ಹೊಸ ಯೋಜನೆಯಲ್ಲೂ ನಿಷೇಧ ಹಾಗೇ ಇತ್ತು. 2004ರ ಹೊಸ ಯೋಜನೆಯಲ್ಲೂ ನಿಷೇಧ ಹಾಗೇ ಇತ್ತು. 2005ರಲ್ಲಿ ಇಲಾಖೆಯ ಕೇಂದ್ರ ಕಚೇರಿಯೇ, ಇದಕ್ಕೆ ತಕ್ಕ ಆಧಾರ ಕಾಣುತ್ತಿಲ್ಲ, ಮತ್ತೆ ಪರಿಶೀಲಿಸಿ ಎಂದು ಕೆಳಗಿನವರಿಗೆ ಕಡತ ವಾಪಸ್ ಕಳಿಸಿತು. ಆಧಾರವಿಲ್ಲದ ನಿಷೇಧ ಹೋಗಬೇಕಲ್ಲ? ಹೋಗಲಿಲ್ಲ, ಆಧಾರ ಹುಡುಕುವ ಕೆಲಸ ಶುರುವಾಯಿತು. 2007ರ ಜನವರಿಯಲ್ಲಿ ಆಯ್ದ ಕೆಲವರನ್ನು ದೋಣಿ ಸಮೇತ ಹೊಳೆಗಿಳಿಸಿ, ಹೇಗಿತ್ತು ಎಂದು ಕೇಳಿ ಬರೆದುಕೊಂಡರು. ಮೂವತ್ತು ವರ್ಷ ಯಾರೂ ಅಧಿಕೃತವಾಗಿ ತೇಲದಿದ್ದ ನೀರಿನಲ್ಲಿ ತೇಲಿಬಂದವರು ಹೇಗಿತ್ತು ಎಂದಿರಬಹುದೆಂದು ಊಹಿಸಲು ಪಾಂಡಿತ್ಯ ಬೇಡ.

ಸಿದ್ಧಾಂತ ಹೊರಬಿದ್ದದ್ದು 2012ರ ಜನವರಿಯಲ್ಲಿ. ದಾನ ಕೊಡುವಾಗ ದೇಶ, ಕಾಲ, ಪಾತ್ರ ನೋಡಬೇಕೆಂದು ನಮ್ಮವರು ಹೇಳಿದ್ದಾರೆ. ಇಲಾಖೆ ಅದನ್ನು ಅಕ್ಷರಶಃ ಪಾಲಿಸಿತು.

ದೇಶ: 21ರಲ್ಲಿ ಸುಮಾರು 17 ಮೈಲಿ. ಮೇಲೆ ಗ್ರೀನ್ ಕ್ರೀಕ್ ಹಳ್ಳ ಸೇರುವಲ್ಲಿಂದ, ಕೆಳಗೆ ಲಿಕ್ ಲಾಗ್ ಹಳ್ಳ ಸೇರುವವರೆಗೆ. ಲಿಕ್ ಲಾಗ್‌ನಿಂದ ಕೆಳಗಿನ ಸೇತುವೆವರೆಗಿನ ತುಂಡು ಗಾಳದವರ ಪರಮಪವಿತ್ರ ಕ್ಷೇತ್ರ; ಅಲ್ಲಿ ಬಿಟ್ಟ ಮೀನನ್ನು ನವೆಂಬರಿನಿಂದ ಮೇ ಮಧ್ಯದವರೆಗೆ ಹಿಡಿದರೂ ಮತ್ತೆ ನೀರಿಗೇ ಬಿಡಬೇಕು. ಹಾಗಾಗಿ ದೋಣಿಯವನು ಸೇತುವೆ ಹತ್ತಿರವಿದ್ದರೂ ಮೊದಲೇ ಮೇಲೆದ್ದು, ದೋಣಿ ಹೆಗಲ ಮೇಲೆ ಹೊತ್ತು ಕಾಡಿನಲ್ಲಿ ನಡೆಯಬೇಕು.

ಕಾಲ: ಡಿಸೆಂಬರ್ 1ರಿಂದ ಏಪ್ರಿಲ್ 30. ಅದೂ ಹಗಲು ಬೆಳಕಿನಲ್ಲಿ. ಅಂದರೆ ಸ್ನಾನಕ್ಕೆ ಯಾರಿಗೂ ಮನಸ್ಸಾಗದ ತಿಂಗಳುಗಳು.

ಪಾತ್ರ: ಒಬ್ಬರ ಅಥವಾ ಇಬ್ಬರ ದೋಣಿ ಮಾತ್ರ. ಲಾರಿ ಟಯರಿನ ಟ್ಯೂಬು ಹಾಕಿಕೊಂಡು ತೇಲುವಂತಿಲ್ಲ. ಪಾತ್ರ ಎಂದರೆ ಕನ್ನಡದಲ್ಲಿ ಹೊಳೆಯ ಹಾಸು ಎಂದೂ ಅರ್ಥವಿರುವುದರಿಂದ ಇನ್ನೊಂದು ನಿಯಮವನ್ನೂ ಇಲ್ಲೇ ಸೇರಿಸುತ್ತೇನೆ. ಪಾತ್ರಕ್ಕೆ ಅಡ್ಡ ಬಿದ್ದ ಮರವನ್ನು ದೋಣಿಗೆ ದಾರಿ ಮಾಡಲೆಂದು ಕಡಿಯುವಂತಿಲ್ಲ, ಅದು ಮೀನಿನ ಮನೆ. ಈ ನಿಯಮ ನನಗೆ ಒಪ್ಪಿಗೆ. ಹುಟ್ಟಿನವರಲ್ಲಿ ಬುದ್ಧಿವಂತರಿಗೂ ಒಪ್ಪಿಗೆ. ಅಡ್ಡಮರ ಎದುರಾದರೆ ಇಳಿದು ದೋಣಿ ಹೊತ್ತು ಬಳಸಿ ಹೋಗುತ್ತಾರೆ. ನೀರು ಕೊಂಬೆಗಳ ಮೂಲಕ ನುಗ್ಗಿ ಹೋಗುತ್ತದೆ, ಮೈ ನುಗ್ಗುವುದಿಲ್ಲ ಎಂಬುದನ್ನು ಅವರು ಮೊದಲ ಪಾಠದಲ್ಲೇ ಕಲಿತಿರುತ್ತಾರೆ.

ನಾಲ್ಕನೆಯದು ನಮ್ಮ ಹಿರಿಯರಿಗೆ ಹೊಳೆಯದೇ ಹೋದದ್ದು: ಪ್ರಮಾಣ. ಬರೆಲ್ಸ್ ಫೋರ್ಡ್ ಎಂಬಲ್ಲಿಯ ಅಳತೆ ಮಾಪಕದಲ್ಲಿ ಹರಿವು 350 ಕ್ಯುಸೆಕ್ ಅಥವಾ ಮೇಲಿದ್ದರೆ ಮಾತ್ರ ದೋಣಿ ಬಿಡಬಹುದು. ನೀರು ಕಡಿಮೆಯಿದ್ದಾಗ ಗಾಳಕ್ಕೆ ಚೆನ್ನ, ಹೆಚ್ಚಿದ್ದಾಗ ದೋಣಿಗೆ ಚೆನ್ನ, ಹೀಗೆ ಇಬ್ಬರೂ ಮುಖ ನೋಡದೆ ಒಂದೇ ಮನೆಯಲ್ಲಿ ಬಾಳಬಹುದು ಎಂಬ ಲೆಕ್ಕ. ಕ್ಯುಸೆಕ್ ಎಂದರೇನೆಂದು ಕನ್ನಡಿಗರಿಗೆ ವಿವರಿಸುವ ಧಾರ್ಷ್ಟ್ಯ ನನಗಿಲ್ಲ. 2016ರ ಸೆಪ್ಟೆಂಬರಿನಲ್ಲಿ ದಿನಕ್ಕೆ 15,000 ಕ್ಯುಸೆಕ್ ಬಿಡಿ ಎಂದು ಸುಪ್ರೀಂ ಕೋರ್ಟ್ ಹೇಳಿದಾಗ ಮಂಡ್ಯದಲ್ಲಿ ಏನಾಯಿತೆಂದು ಎಲ್ಲರಿಗೂ ಗೊತ್ತು. ಅಂಥ ನಾಡಿನವನಿಗೆ 350 ಕ್ಯುಸೆಕ್ ಎಂದರೆ ನಾಲೆಯ ನೀರು. “ಇಷ್ಟಕ್ಕೆ ಇಷ್ಟು ಜಗಳವೇನೋ?” ಎಂದೆ. “ಮಾವ, ಅಲ್ಲಿ ಹೊಳೆ ನಮ್ಮ ಹಜಾರದಷ್ಟು ಅಗಲ ಇರೋ ಜಾಗಗಳಿವೆ, ಅಷ್ಟು ನೀರು ಅಲ್ಲಿ ನುಗ್ಗಿದರೆ ಹೇಗಿರುತ್ತೆ ನೋಡಿ” ಎಂದ. ನೋಡುವ ಆಸೆ ನನಗೆ ಖಂಡಿತ ಇರಲಿಲ್ಲ.

ಇಲಾಖೆಯ ಆ ಆದೇಶ ಯಾರಿಗೂ ಹಿಡಿಸಲಿಲ್ಲ. ಹುಟ್ಟಿನವರು ಇದು ತೀರಾ ಕಡಿಮೆ ಎಂದು ಕೋರ್ಟಿಗೆ ಹೋದರು. ಜಾರ್ಜಿಯಾದ ಒಂದು ಅರಣ್ಯ ಸಂಘ ಇದು ತೀರಾ ಹೆಚ್ಚಾಯಿತು ಎಂದು ಅದೇ ಮೊಕದ್ದಮೆಯಲ್ಲಿ ಸೇರಿಕೊಂಡಿತು. ಮೇಲ್ತುದಿಯ 1.7 ಮೈಲಿಯಲ್ಲಿ ಎರಡೂ ದಡದ ಜಮೀನು ಇರುವ ಒಡೆಯರು, ನಮ್ಮ ತುಂಡು ದೋಣಿ ಸಾಗದ ನದಿ, ಅಂದರೆ ನಮ್ಮ ಸ್ವಂತದ್ದು ಎಂದು ಘೋಷಿಸಿ ಎಂದು ಕೇಳಿದರು. 2014ರ ನವೆಂಬರಿನಲ್ಲಿ ರಿಚ್ಮಂಡ್‌ನ ಮೇಲ್ಮನವಿ ನ್ಯಾಯಾಲಯ ಎಲ್ಲರನ್ನೂ ಸಮಾನವಾಗಿ ನಿರಾಶೆಗೊಳಿಸಿತು. ಇಲಾಖೆಯ ತೂಗುವಿಕೆ ಸರಿಯಾಗಿದೆ ಎಂದಿತು. ಕಾಯಿದೆ ಕಾಪಾಡುವುದು ವಿಹಾರ ಎಂಬ ಮೌಲ್ಯವನ್ನೇ ಹೊರತು ದೋಣಿ ಎಂಬ ಒಂದು ಬಗೆಯನ್ನಲ್ಲ ಎಂದಿತು. ನೈಯಾಯಿಕರು ಮೆಚ್ಚುವ ಮಾತು. ಜಾತಿ ಬೇರೆ, ವ್ಯಕ್ತಿ ಬೇರೆ. ಮರವನ್ನು ಕಾಪಾಡಿದ್ದೇವೆ, ಮಾವಿನ ಮರದ ಮಾತು ಎತ್ತಬೇಡಿ ಎಂದ ಹಾಗೆ. ಒಡೆಯರಿಗೆ, ಆ ತುಂಡಿನಲ್ಲಿ ದೋಣಿ ಬಿಡುವ ಯೋಚನೆಯೇ ಇಲಾಖೆಗಿಲ್ಲದಿರುವಾಗ ತೀರ್ಮಾನಿಸಲು ಜಗಳವೇ ಹಣ್ಣಾಗಿಲ್ಲ ಎಂದಿತು.

ಈ ತೀರ್ಪನ್ನು ಓದುತ್ತ ನನಗೆ ಹೊಳೆದದ್ದು ಏಕಾಂತದ ಸಮಸ್ಯೆ. ಎಲ್ಲರೂ ಕಾಡಿನಲ್ಲಿ ಕೇಳುವುದು ಏಕಾಂತವನ್ನೇ. ಗಾಳದವನ ಏಕಾಂತ ಸ್ಥಾವರ: ಒಂದು ಗುಂಡಿ, ಒಂದು ಬಂಡೆ, ಇಡೀ ಬೆಳಗು. ಹುಟ್ಟಿನವನದು ಜಂಗಮ, ಅವನು ಪ್ರತಿ ತಿರುವಿನಲ್ಲೂ ಹೊಸ ಏಕಾಂತಕ್ಕೆ ನುಗ್ಗಿ ಹಳೆಯದನ್ನು ಹಿಂದೆ ಬಿಡುತ್ತಾನೆ. ಜಂಗಮದ ಏಕಾಂತ ಸ್ಥಾವರದ ಏಕಾಂತವನ್ನು ಒಂದು ನಿಮಿಷ ಕಲಕುತ್ತದೆ. ಸ್ಥಾವರದ ಏಕಾಂತ ಜಂಗಮದ್ದನ್ನು ವರ್ಷಕ್ಕೆ ಏಳು ತಿಂಗಳು ಪೂರ್ತಿ ಅಳಿಸುತ್ತದೆ. ಈ ಲೆಕ್ಕದಲ್ಲಿ ನಾನು ಸೋದರಳಿಯನ ಕಡೆ. ಬಂಧುಪ್ರೀತಿಯಿಂದಲ್ಲ. ಕಾಲ್ನಡಿಗೆಯಲ್ಲಿ ಬರುವ ಗಾಳದವನು ಕಾಲ, ಪ್ರಮಾಣ ಯಾವುದರ ಹಂಗೂ ಇಲ್ಲದೆ ಹೊಳೆಗಿಳಿಯಬಹುದಾಗಿರುವಾಗ ಕಾಪಾಡಿದ್ದು ಏಕಾಂತವನ್ನೋ, ಮೊದಲು ಬಂದು ಕೂತವರ ಸೀಟನ್ನೋ ಎಂಬ ಸಂಶಯ ನನಗಿದೆ. ಬಸ್ಸಿನ ಸೀಟಿಗೆ ಟವೆಲ್ ಹಾಕುವ ನಾಡಿನಿಂದ ಹೋದವನಿಗೆ ಟವೆಲಿನ ಗುರುತು ಸಿಗದೇ ಇರುತ್ತದೆಯೇ?

ಉದಾಹರಣೆ ಇಲ್ಲದ ಲಕ್ಷಣ ನಿಲ್ಲುವುದಿಲ್ಲ. ಫೆಬ್ರವರಿಯ ಒಂದು ಶನಿವಾರ. ಹಿಂದಿನ ದಿನವೆಲ್ಲ ಬೆಟ್ಟದಲ್ಲಿ ಮಳೆ. ಸೋದರಳಿಯ ರಾತ್ರಿ ಎರಡು ಸಲ ಎದ್ದು ಫೋನಿನಲ್ಲಿ ಹರಿವು ನೋಡಿದ್ದ. ನಸುಕಿನಲ್ಲಿ ಹೊರಟೆವು, ಕಾರಿನ ಮೇಲೆ ಎರಡು ಕಯಾಕ್, ಹಿಂದಿನ ಸೀಟಿನಲ್ಲಿ ಅವನ ಗೆಳೆಯ, ನನ್ನ ಕೈಯಲ್ಲಿ ಪುಳಿಯೋಗರೆ ಡಬ್ಬಿ. ಬೆಟ್ಟ ಹತ್ತುವಾಗ ಸಿಗ್ನಲ್ ಹೋಗುವ ಮೊದಲು ಕಾರು ಪಕ್ಕಕ್ಕೆ ನಿಲ್ಲಿಸಿ ಕೊನೆಯ ಸಲ ನೋಡಿದ. 346.

ಬರೆಲ್ಸ್ ಫೋರ್ಡ್ ಸೇತುವೆಯ ಹತ್ತಿರ ಮೋಡ ಮರಗಳ ಮೇಲೇ ಕೂತಿತ್ತು. ರೋಡೊಡೆಂಡ್ರನ್ ಪೊದೆಗಳ ಎಲೆ ಚಳಿಗೆ ಬೀಡಿಯ ಹಾಗೆ ಸುರುಟಿಕೊಂಡಿದ್ದವು. ನೀರು ಚಹಾದ ಬಣ್ಣ, ನಡುವೆ ಬಂಡೆಗಳ ಮೇಲೆ ಬಿಳಿ. ಆಗಲೇ ಅಲ್ಲೊಬ್ಬ ಹಿರಿಯರು ಪಿಕಪ್ ಗಾಡಿಯ ಹಿಂಬಾಗಿಲ ಮೇಲೆ ಕೂತು ಚಲ್ಲಣ ಏರಿಸಿಕೊಳ್ಳುತ್ತಿದ್ದರು. ಗಾಳದ ಕೋಲು ಪಕ್ಕದಲ್ಲಿ. ನಮ್ಮ ಕಾರಿನ ನೆತ್ತಿಯನ್ನು ನೋಡಿದರು, ಏನೂ ಹೇಳಲಿಲ್ಲ. ನಾನು ಫ್ಲಾಸ್ಕಿನ ಕಾಫಿ ಕೊಟ್ಟೆ. ಕುಡಿದು, ಇದಕ್ಕೆ ಏನು ಹಾಕುತ್ತೀರಿ ಎಂದು ಕೇಳಿದರು. ಚಿಕೋರಿ ಎಂದೆ.

ಆಮೇಲೆ ಸೋದರಳಿಯನ ಕಡೆ ತಿರುಗಿ, ಬರುವಾಗ ಎಷ್ಟಿತ್ತು ಎಂದರು. ಅವರ ಫೋನಿಗೂ ಸಿಗ್ನಲ್ ಇರಲಿಲ್ಲ.

“ಮುನ್ನೂರ ನಲವತ್ತಾರು. ಒಂದು ಗಂಟೆಯ ಹಿಂದೆ.”

“ಏರುತ್ತಿತ್ತೋ, ಇಳಿಯುತ್ತಿತ್ತೋ?”

ಸೋದರಳಿಯ ಗೆಳೆಯನ ಮುಖ ನೋಡಿದ. ಗೆಳೆಯ ಹೊಳೆಯ ಕಡೆ ನೋಡಿದ. ಮೂವರೂ ಸೇತುವೆಯ ಕಂಬದ ಬುಡದಲ್ಲಿ ಒದ್ದೆಯ ಗೆರೆ ಎಲ್ಲಿದೆ ಎಂದು ಬಗ್ಗಿ ನೋಡತೊಡಗಿದರು. ನಾನು ಪುಳಿಯೋಗರೆ ಡಬ್ಬಿ ತೆಗೆದೆ.